ಕಂಡಕ್ಟರ್ ರೋಹಿಣಿ ಮೈಯಿಡೀ ಈಜಲು ಕಲಿತದ್ದು

ಶಿರಸಿಯಿಂದ ಹುಲೇಕಲ್ಲಿಗೆ ಬೆಳಿಗ್ಗೆ ಎಂಟೂಕಾಲಿಗೆ ಹೊರಡುವ ಬಸ್ಸಿನ ಕಂಡಕ್ಟರ್ ರೋಹಿಣಿ ನಾಯ್ಕಳಿಗೆ ನಲವತ್ತಾರು ವರ್ಷ. ನಾನು ಹುಲೇಕಲ್ ಕಡೆಯ ಶಾಲೆಯೊಂದರಲ್ಲಿ ಟೀಚರು, ಹೆಸರು ತನುಜಾ. ಒಂಬತ್ತು ವರ್ಷಗಳಿಂದ ದಿನಾ ಅದೇ ಬಸ್ಸಿಗೆ ಹೋಗಿಬರುವವಳು. ಇಷ್ಟು ವರ್ಷಗಳಲ್ಲಿ ರೋಹಿಣಿ ಕೂತದ್ದನ್ನು ನಾನು ನೋಡಿದ್ದು ನಾಲ್ಕೋ ಐದೋ ಸಲ. ಅವಳ ಸೀಟಿನಲ್ಲಿ ಯಾವತ್ತೂ ಯಾರದೋ ಮನೆಯ ಅಜ್ಜಿ ಇರುತ್ತಾಳೆ, ಇಲ್ಲವೆ ಒಂದು ಬಾಳೆಗೊನೆ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲಂತೂ ಒಳಗೆ ಕಾಲಿಡಲು ಜಾಗವಿಲ್ಲ. ಅಂಥದರಲ್ಲೂ ಅವಳು ನಗುತ್ತ, ಬೈಯುತ್ತ, ಯಾರದೋ ಮಗುವಿನ ಮೂಗು ಒರೆಸುತ್ತ ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿನವರೆಗೆ ಹೋಗಿ ವಾಪಸು ಬಂದಿರುತ್ತಾಳೆ.

ಅವಳಿಗೆ ಒಂದು ಕೆಟ್ಟ ಗುಣವಿದೆ. ಯಾರಾದರೂ "ಇದು ಯಾರಿಂದಲೂ ಆಗದು" ಎಂದರೆ ಬಾಯಿ ಸುಮ್ಮನಿರುವುದಿಲ್ಲ. ಈ ವರ್ಷ ಜನವರಿಯ ಮೊದಲ ವಾರ ಡಿಪೋದಲ್ಲಿ ಆದದ್ದೂ ಅದೇ. ನೌಕರರ ಕ್ರೀಡಾಕೂಟದ ನೋಟೀಸು ಹಚ್ಚಿದ್ದರು. ಹಗ್ಗಜಗ್ಗಾಟಕ್ಕೆ ಹೆಸರು ತುಂಬಿತ್ತು, ಕೇರಂಗೆ ಜಗಳವೇ ಆಗಿತ್ತು. 'ಮಹಿಳೆಯರ ಈಜು, ಫ್ರೀಸ್ಟೈಲ್, ಐವತ್ತು ಮೀಟರ್' ಎನ್ನುವಲ್ಲಿ ಮಾತ್ರ ಗೆರೆ ಖಾಲಿ. ಗುಮಾಸ್ತರು, "ನಮ್ಮ ಡಿಪೋದಲ್ಲಿ ನೀರಿಗೆ ಇಳಿಯೂ ಹೆಂಗಸ್ರೇ ಇಲ್ಲ ಬಿಡಿ" ಎಂದರು.

ರೋಹಿಣಿ ಚಹಾದ ಲೋಟ ಕೆಳಗಿಟ್ಟಳು. "ಎಂತ ಹೇಳ್ತ್ರಿ ನೀವು? ನಾ ನಡೆಯೂಕಿಂತ ಮೊದ್ಲು ಈಜೂಕೆ ಕಲ್ತವ್ಳು."

ಗುಮಾಸ್ತರು ಹೆಸರು ಬರೆದೇಬಿಟ್ಟರು.

ಅವಳ ಬಸ್ಸಿನ ಡ್ರೈವರ್ ಕೆರಿಯಣ್ಣ ನಿವೃತ್ತಿಗೆ ಎರಡು ವರ್ಷ ಬಾಕಿಯಿರುವ, ಯಾವುದಕ್ಕೂ ಅವಸರ ಮಾಡದ ಮನುಷ್ಯ. ಸ್ಟೇರಿಂಗ್ ಹಿಡಿದುಕೊಂಡೇ ಕೇಳಿದ: "ತಂಗಿ, ಫ್ರೀಸ್ಟೈಲ್ ಅಂದ್ರೆ ಎಂತದು ಅಂತಾದ್ರೂ ಗೊತ್ತಿದ್ಯಾ?"

"ಫ್ರೀ ಅಂದ್ರೆ ಫ್ರೀ. ಹ್ಯಾಂಗ್ ಬೇಕಾರೂ ಈಜೂದು."

"ಹೌದಪ್ಪಾ, ಹೆಂಗಸ್ರಿಗೆ ಈಗ ಎಲ್ಲಾ ಫ್ರೀ," ಎಂದು ಕೆರಿಯಣ್ಣ ಗೇರು ಬದಲಿಸಿದ.

ಶಿರಸಿಯ ಹೊರವಲಯದಲ್ಲಿ ಖಾಸಗಿಯವರದೊಂದು ಈಜುಕೊಳವಿದೆ, ಇಪ್ಪತ್ತೈದು ಮೀಟರಿನದು. ಸ್ಪರ್ಧೆಯೂ ಅಲ್ಲಿಯೇ, ಆರು ವಾರ ಬಿಟ್ಟು. ಒಂದು ಸಲ ನೀರು ನೋಡಿಕೊಂಡು ಬಂದರಾಯಿತೆಂದು ರೋಹಿಣಿ ಒಂದು ಮುಂಜಾನೆ ಆರಕ್ಕೆ ಹೊರಟಳು. ಈಜುಡುಗೆ ಹೊಲಿದುಕೊಟ್ಟವನು ಗಂಡ ಉಲ್ಲಾಸ. ಅವನದು ಟೇಲರ್ ಅಂಗಡಿ; ಹದಿನೆಂಟು ವರ್ಷಗಳಿಂದ ಶಾಲೆ ಮಕ್ಕಳ ಸಮವಸ್ತ್ರ ಬಿಟ್ಟು ಬೇರೇನನ್ನೂ ಹೊಲಿದವನಲ್ಲ. ಕಡುನೀಲಿ ಬಟ್ಟೆಯಲ್ಲಿ ಮೊಣಕಾಲಿನವರೆಗೆ ಚೆನ್ನಾಗಿಯೇ ಹೊಲಿದಿದ್ದ. ಆದರೆ ಎದೆಯ ಎಡಕ್ಕೆ ಒಂದು ಜೇಬು ಇತ್ತು.

"ಜೇಬು ಎಂತಕ್ಕೆ ಮಾರಾಯ್ರೆ?"

"ಕೈ ತಾನೇ ಹೊಲೀತು," ಎಂದ ಉಲ್ಲಾಸ.

ಅವಳು ನೀರಿಗೆ ಹಾರಿದ್ದೇ ತಡ, ಆ ಉಡುಗೆಯೊಳಗೆ ಗಾಳಿ ಹೊಕ್ಕು ಬೆನ್ನಿನ ಮೇಲೆ ಪೂರಿಯ ಹಾಗೆ ಉಬ್ಬಿಕೊಂಡಿತು. ಒಂದು ಕೈಯಲ್ಲಿ ಅದನ್ನು ಅದುಮುತ್ತ, ಇನ್ನೊಂದು ಕೈಯಲ್ಲಿ ನೀರು ಬಡಿಯುತ್ತ ಆಚೆ ದಡಕ್ಕೆ ಹೊರಟಳು. ತಲೆ ಮೇಲೆ, ಗಲ್ಲ ಮೇಲೆ, ಕಾಲು ಎಲ್ಲೋ ಕೆಳಗೆ. ನೀರು ದಡದ ಮೇಲಿನ ಕುರ್ಚಿಗಳವರೆಗೂ ಹಾರಿತು. ಇಪ್ಪತ್ತೈದು ಮೀಟರ್ ಮುಟ್ಟುವಷ್ಟರಲ್ಲಿ ಅವಳಿಗೆ ಮಾತು ಹೊರಡುತ್ತಿರಲಿಲ್ಲ.

ಹಾಗೆ ಒದ್ದೆಯಾದ ಕುರ್ಚಿಗಳಲ್ಲೊಂದರ ಮೇಲೆ ಬಸವರಾಜ ಮಾಸ್ತರರು ಕೂತಿದ್ದರು. ಹಾನಗಲ್ ಕಡೆಯವರು, ನಿವೃತ್ತ ದೈಹಿಕ ಶಿಕ್ಷಕರು, ಕೊಳದಲ್ಲಿ ಈಜು ಕಲಿಸುತ್ತಾರೆ. ಮೊಣಕಾಲಿನ ಆಪರೇಷನ್ ಆಗಿರುವುದರಿಂದ ನೀರಿಗಿಳಿಯುವುದಿಲ್ಲ. ದಡದ ಮೇಲೆ ಒಂದು ಬಿದಿರಿನ ಗಳ ಹಿಡಿದು ಕೂತು ಅದರಿಂದಲೇ ಎಲ್ಲ ತೋರಿಸುತ್ತಾರೆ. ಅವರು ಮೊದಲು ಕನ್ನಡಕ ಒರೆಸಿಕೊಂಡರು.

"ನಲವತ್ತೆಂಟು ಸಲ ಕೈ ಹೊಡದ್ರಿ, ಅಕ್ಕಾರ. ಯಾರ್ ಕಲಿಸ್ಯಾರ್ರೀ ನಿಮಗ?"

"ಎಮ್ಮೆ," ಎಂದಳು ರೋಹಿಣಿ, ಏದುಸಿರಿನಲ್ಲಿ.

ಅದು ನಿಜ. ಸಿದ್ದಾಪುರದಾಚೆಯ ಅವಳ ತವರಿನಲ್ಲಿ ಕೆರೆಯೊಂದಿತ್ತು. ಎಮ್ಮೆ ಮೈ ತೊಳೆಸುವುದು ಅವಳ ಕೆಲಸ. ಎಮ್ಮೆ ಆಳಕ್ಕೆ ಹೋದರೆ ಬಾಲ ಹಿಡಿದು ಇವಳೂ ಹೋಗುತ್ತಿದ್ದಳು. ಎಂಟು ವರ್ಷದವಳಿದ್ದಾಗ ಒಂದು ದಿನ ಬಾಲ ಕೈತಪ್ಪಿತು. ಎಮ್ಮೆ ಮಾಡಿದ ಹಾಗೆಯೇ ಮೂಗು ಮೇಲೆತ್ತಿ ಕೈಕಾಲು ತುಳಿದಳು, ದಡ ಸೇರಿದಳು. ದಡದಲ್ಲಿ ಕೋಲು ಹಿಡಿದು ನಿಂತಿದ್ದ ತಾಯಿ ಮಂಜಿ ಮೊದಲು ಎಮ್ಮೆಯನ್ನು ವಿಚಾರಿಸಿಕೊಂಡು ಆಮೇಲೆ ಮಗಳನ್ನು ನೋಡಿದಳಂತೆ. ಅಲ್ಲಿಂದ ಇವತ್ತಿನವರೆಗೆ ರೋಹಿಣಿಯ ಈಜು ಅದೇ.

ಮಾಸ್ತರರು ನಗಲಿಲ್ಲ. "ಎಮ್ಮಿ ಚೊಲೋನ ಕಲಿಸೈತಿ. ಮುಳಗಲಾರದಂಗ ಕಲಿಸೈತಿ. ಇನ್ನ ಮುಂದಕ್ಕ ಹೋಗೂದು ಕಲೀಬೇಕಷ್ಟ. ನಾಳಿಂದ ಬರ್ರಿ."

"ಫ್ರೀಸ್ಟೈಲ್ ಅಂದ್ರೆ ಹ್ಯಾಂಗ್ ಬೇಕಾರೂ ಈಜಬೋದಲ್ಲ ಸರ್?"

"ಖರೇ ಅದ. ಹೆಂಗ್ ಬೇಕಾದ್ರೂ ಈಸಬಹುದು. ಆದ್ರ ಹಿಂಗ ಬ್ಯಾಡ್ರಿ."

ಮಾರನೆಯ ದಿನದಿಂದ ಪಾಠ ಶುರುವಾಯಿತು. ಉಲ್ಲಾಸ ಉಡುಗೆಯನ್ನು ನಾಲ್ಕು ಕಡೆ ಬಿಗಿ ಮಾಡಿಕೊಟ್ಟ, ಜೇಬು ಕಿತ್ತುಹಾಕಿದ. ಮೊದಲ ವಾರ ಮಾಸ್ತರರು ಕೈ ಆಡಿಸಲು ಬಿಡಲೇ ಇಲ್ಲ. ನೀರಿನ ಮೇಲೆ ಬೋರಲು ಮಲಗಿ ಮುಖ ಮುಳುಗಿಸಿ, ತಳದ ಹಂಚು ಎಣಿಸಬೇಕು. ಅಷ್ಟೇ ಕೆಲಸ. ತಲೆ ಎತ್ತಿದಳೋ, ಕೂಡಲೇ ಸೊಂಟ ಮುಳುಗುತ್ತದೆ. ತಲೆ ಇಳಿಸಿದಳೋ, ಯಾರೋ ಕೆಳಗಿನಿಂದ ಕೈ ಕೊಟ್ಟ ಹಾಗೆ ಸೊಂಟ ಮೇಲೇಳುತ್ತದೆ. ಮೂವತ್ತೆಂಟು ವರ್ಷ ಗಲ್ಲ ಎತ್ತಿಕೊಂಡೇ ಈಜಿದವಳಿಗೆ ಇದು ಮೋಸದ ಹಾಗೆ ಕಂಡಿತು. "ಇಷ್ಟು ಸುಲಭ ಇದ್ರೆ ಆ ಎಮ್ಮೆ ಎಂತಕ್ಕೆ ಹೇಳ್ಲಿಲ್ಲ?" ಎಂದು ಬಸ್ಸಿನಲ್ಲಿ ನನ್ನನ್ನೇ ಕೇಳಿದಳು.

ಎರಡನೆಯ ವಾರ ಕಾಲು. ಮೊಣಕಾಲಿನಿಂದ ಒದೆಯಬಾರದು, ತೊಡೆಯ ಬುಡದಿಂದ ಸಣ್ಣಗೆ ಬರಬೇಕು, ಪಾದ ಸಡಿಲ ಬಿಡಬೇಕು. ಉಸಿರು ನೀರಿನೊಳಗೇ ಬಿಡಬೇಕು, ಕಟ್ಟಿಕೊಳ್ಳಬಾರದು. ಮೂರನೆಯ ವಾರ ಕೈ. ಕೈಯಲ್ಲಿ ಅವಳಿಗೆ ಶಕ್ತಿ ಬೇಕಾದಷ್ಟಿತ್ತು, ತೊಂದರೆ ಬಂದದ್ದೂ ಅಲ್ಲಿಯೇ. ಎರಡೂ ಕೈಯನ್ನು ಬಟ್ಟೆ ಒಗೆಯುವ ಹಾಗೆ ನೀರಿಗೆ ಅಪ್ಪಳಿಸುತ್ತಿದ್ದಳು.

"ನೀರಿಗೆ ಯಾಕ ಹೊಡೀತೀರಿ ಅಕ್ಕಾರ?" ಮಾಸ್ತರರು ಗಳ ಕುಟ್ಟುತ್ತ ಕೂಗಿದರು. "ಅದೇನ್ ಟಿಕೇಟ್ ತಗೊಂಡಿಲ್ಲೇನು?"

ಅಪ್ಪಳಿಸುವುದು ನಿಂತಿತು. ಬೆರಳ ತುದಿ ಮೊದಲು ಒಳಗೆ ಹೋಗಬೇಕು, ಮೊಣಕೈ ಮೇಲೆಯೇ ಉಳಿಯಬೇಕು, ಅಂಗೈಯಿಂದ ಮೊಣಕೈವರೆಗೆ ಇಡೀ ಕೈ ನೀರನ್ನು ಹಿಡಿದು ಹಿಂದಕ್ಕೆ ನೂಕಬೇಕು. ಇದನ್ನೂ ಕಲಿತಳು. ಆದರೂ ಇಪ್ಪತ್ತೈದು ಮೀಟರಿಗೆ ಮೂವತ್ತೆಂಟು ಕೈ. ಅದರಿಂದ ಕೆಳಗೆ ಇಳಿಯಲೊಲ್ಲದು. ದಡ ಮುಟ್ಟುವಷ್ಟರಲ್ಲಿ ಭುಜ ಬೆಂದುಹೋಗುತ್ತಿತ್ತು.

"ನೀವು ಕೈಲೆ ಈಸಾಕತ್ತೀರಿ. ಕೈ ಸಣ್ಣದು, ದಣೀತದ. ಮೈಲೆ ಈಸ್ರಿ. ಸೊಂಟ ತಿರುಗ್ಲಿ, ಅದರ ಬೆನ್ನ ಹಿಂದ ಭುಜ ತಿರುಗ್ಲಿ, ಕೈ ಕಡೀಕ ಬರ್ಲಿ. ಇಡೀ ಮೈ ಒಮ್ಮೆ ಈ ಮಗ್ಗಲಾ, ಒಮ್ಮೆ ಆ ಮಗ್ಗಲಾ."

ರೋಹಿಣಿ ಸೊಂಟ ತಿರುಗಿಸಿದಳು. ಪೂರ್ತಿ ಮಗುಚಿ ಅಂಗಾತ ಬಿದ್ದಳು. ಇನ್ನೊಮ್ಮೆ ತಿರುಗಿಸಿದಳು, ಪಕ್ಕದ ಸಾಲಿನಲ್ಲಿ ಈಜುತ್ತಿದ್ದ ವಕೀಲರೊಬ್ಬರ ಹೊಟ್ಟೆಗೆ ಮೊಣಕಾಲು ತಾಗಿತು. ಅವರು ನೀರು ಕುಡಿದರು, ಅವಳೂ ಕುಡಿದಳು. ಮಾಸ್ತರರು ಗಳವನ್ನು ಅತ್ತಿತ್ತ ಉರುಳಿಸಿ ತೋರಿಸಿದರು, ಎದ್ದು ನಿಂತು ತಮ್ಮ ಸೊಂಟವನ್ನೇ ತಿರುಗಿಸಿ ತೋರಿಸಿದರು. ಐದು ದಿನ ಇದೇ ನಡೆಯಿತು. ಆರನೆಯ ದಿನ ಅವಳು ಕೊಳಕ್ಕೆ ಹೋಗದೆ ಸೀದಾ ಡಿಪೋಕ್ಕೆ ಹೋಗಿ ಗುಮಾಸ್ತರ ಮುಂದೆ ನಿಂತಳು.

"ಸರ್, ನನ್ನ ಹೆಸ್ರು ಹೊಡೆದುಹಾಕಿ. ನಂಗೆ ಸೊಂಟವೇ ಇಲ್ಲ."

"ಪಟ್ಟಿ ಮೇಲಿನ ಆಫೀಸಿಗೆ ಹೋಯ್ತಲ್ಲ ರೋಹಿಣಿ," ಎಂದರು ಅವರು. "ಇನ್ನು ಸೊಂಟ ಇದ್ರೂ ಇಲ್ದಿದ್ರೂ ಈಜೂದೇ."

ಅವತ್ತು ಸಂಜೆ ನಾಲ್ಕೂಮುಕ್ಕಾಲಿಗೆ ಹುಲೇಕಲ್ಲಿನಿಂದ ಶಿರಸಿಗೆ ವಾಪಸು ಹೊರಟ ಬಸ್ಸು ಯಾವತ್ತಿಗಿಂತ ತುಂಬಿತ್ತು. ನಾನು ಉತ್ತರಪತ್ರಿಕೆಗಳ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದೆ. ಮೂರನೆಯ ಸಾಲಿನ ಬಲಗಡೆ ಕಿಟಕಿಗೆ ಪರಿಮಳಕ್ಕ ಕೂತಿದ್ದರು. ಹುಲೇಕಲ್ಲಿನ ಹೆಗಡೆಯವರ ಮನೆಯವರು, ಅರವತ್ತೆರಡು ವರ್ಷ, ವಾರಕ್ಕೊಮ್ಮೆ ಶಿರಸಿಯ ಮಗಳ ಮನೆಗೆ ಹೋಗುವವರು. ಅವರಿಗೂ ರೋಹಿಣಿಗೂ ನಡುವೆ ಮೂವರು ನಿಂತಿದ್ದರು. ಪರಿಮಳಕ್ಕ ಆಧಾರ್ ಕಾರ್ಡನ್ನು ಅವರೆಲ್ಲರ ತಲೆಯ ಮೇಲಿನಿಂದ ಚಾಚಿದರು. ರೋಹಿಣಿ ಎಡಗೈಯಲ್ಲಿ ಮೇಲಿನ ಸರಳು ಹಿಡಿದು ಬಲಗೈ ಚಾಚಿದಳು. ಒಂದು ಗೇಣು ಕಡಿಮೆ ಬಿತ್ತು.

ಅಷ್ಟರಲ್ಲಿ ಕೆರಿಯಣ್ಣ ಬಸ್ಸನ್ನು ಎಡಕ್ಕೆ ತಿರುಗಿಸಿದ. ಬಸ್ಸಿಗೆ ಬಸ್ಸೇ ಬಲಕ್ಕೆ ವಾಲಿತು. ಅವಳ ಸೊಂಟ ಮೊದಲು ಹೊರಳಿತು, ಪಕ್ಕೆಲುಬು ಬಿಚ್ಚಿಕೊಂಡಿತು, ಭುಜ ಕೆನ್ನೆ ಸವರಿಕೊಂಡು ಮುಂದೆ ಹೋಯಿತು, ಕೊನೆಗೆ ಕೈ. ಕಾರ್ಡು ಬೆರಳಿಗೆ ಬಂತು. ಆ ತಿರುವು ಮುಗಿದು ಬಸ್ಸು ಬಲಕ್ಕೆ ತಿರುಗಿತು. ಅವಳ ಮೈ ತಾನೇ ಎಡಕ್ಕೆ ಹೊರಳಿತು, ಎಡಗಡೆಯ ಸೀಟಿನವಳ ಕಾರ್ಡೂ ಬಂತು. ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ನೂರಾರು ಸಲ ಮಾಡುತ್ತ ಬಂದದ್ದು ಇದೇ. ಅವಳು ಒಂದು ಕ್ಷಣ ತನ್ನ ಸೊಂಟವನ್ನೇ ನೋಡಿಕೊಂಡಳು.

"ಸಿಕ್ತು!" ಎಂದು ಕೂಗಿದಳು. "ಸಿಕ್ತು! ಸಿಕ್ತು!"

ಕೆರಿಯಣ್ಣ ಬ್ರೇಕು ಒತ್ತಿದ. ಕಳ್ಳನೇ ಸಿಕ್ಕಿದನೆಂದು ಬಸ್ಸಿನ ಅರವತ್ತು ಜನ ಒಮ್ಮೆಲೇ ತಮ್ಮ ತಮ್ಮ ಚೀಲ, ಸರ, ಮೊಬೈಲು ಹಿಡಿದುಕೊಂಡರು. ಪರಿಮಳಕ್ಕ ಕುತ್ತಿಗೆ ಮುಟ್ಟಿಕೊಂಡು, "ಎನ್ನ ಸರ ಇಲ್ಲೇ ಇದ್ದು! ಯಾರ ಸರ ಸಿಕ್ತೇ ರೋಹಿಣಿ?" ಎಂದರು.

"ಸರ ಅಲ್ಲ ಪರಿಮಳಕ್ಕಾ, ಸೊಂಟ! ನನ್ನ ಸೊಂಟ ಸಿಕ್ತು!"

ಹಿಂದಿನ ಸೀಟಿನಿಂದ ಯಾರೋ ಕಿಸಕ್ಕೆಂದರು. ಅಲ್ಲಿಂದ ನಗು ಮುಂದಕ್ಕೆ ಬಂದು ಡ್ರೈವರ್ ಸೀಟು ಮುಟ್ಟಿತು. ರೋಹಿಣಿಗೆ ನಾಚಿಕೆಯೆಂಬುದು ಕಮ್ಮಿ. ಅಲ್ಲೇ ನಿಂತು ಎಲ್ಲರಿಗೂ ವಿವರಿಸಿದಳು. "ನೋಡಿ ಇಲ್ಲಿ, ಮೊದ್ಲು ಸೊಂಟ, ಮತ್ತೆ ಭುಜ, ಕೈ ಕಡೆಗೆ. ಕೈ ಎಳೆಯೂದಲ್ಲ, ಮೈ ಕೊಂಡುಹೋಗೂದು. ಕೆರಿಯಣ್ಣಾ, ಬಿಡು ಬಸ್ಸು, ಇನ್ನೊಂದ್ಸಲ ನೋಡ್ತೆ!"

"ಶಿರಸಿ ಮುಟ್ಟೂವರೆಗೆ ತಿರುವಿಗೆ ಬರವಿಲ್ಲ ತಂಗಿ, ಬೇಕಾದಷ್ಟು ಕಲ್ತ್ಕ," ಎಂದು ಕೆರಿಯಣ್ಣ ಬಸ್ಸು ಬಿಟ್ಟ.

ಆ ಮೇಲಿನ ದಾರಿಯನ್ನು ನಾನು ಮರೆಯಲಾರೆ. ಅವನು ಎಂದಿಗಿಂತ ನಿಧಾನವಾಗಿಯೇ ಓಡಿಸಿದ, ಆದರೆ ಪ್ರತಿ ತಿರುವಿಗೂ ಮುಂಚೆ "ಎಡ ಬಂತು!" "ಬಲ ಬಂತು!" ಎಂದು ಕೂಗುತ್ತಿದ್ದ. ನಿಂತವರೆಲ್ಲ ಸರಳು ಹಿಡಿದು ಸೊಂಟದಿಂದ ಹೊರಳಿದೆವು. ಕಾಲೇಜಿನ ಹುಡುಗಿಯರು ಕೈ ಚಾಚಿ ಗಾಳಿಯಲ್ಲಿ ಈಜಿದರು. ಸೊಪ್ಪಿನ ಬುಟ್ಟಿಯವಳು ಬುಟ್ಟಿಯನ್ನು ಯಾರೋ ಅಪರಿಚಿತರ ಮಡಿಲಿಗೆ ಹಾಕಿ ಎರಡೂ ಕೈ ಬೀಸಿದಳು. ಪರಿಮಳಕ್ಕ ಕೂತಲ್ಲೇ ಎಡಕ್ಕೂ ಬಲಕ್ಕೂ ತೂಗಿದರು. ಒಂದು ಬಲ ತಿರುವಿನಲ್ಲಿ ನನ್ನ ಎಂಟನೆಯ ತರಗತಿಯ ಉತ್ತರಪತ್ರಿಕೆಗಳೆಲ್ಲ ಜಾರಿ ಬಿದ್ದವು. ನಾನು ಹೆಕ್ಕಲಿಲ್ಲ, ಇನ್ನೂ ತಿರುವುಗಳಿದ್ದವು. ಶಿರಸಿಯ ನಿಲ್ದಾಣದಲ್ಲಿ ಇಳಿದವರೆಲ್ಲ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಿಂತಿದ್ದ ಕಂಟ್ರೋಲರ್ ಸಾಹೇಬರಿಗೆ ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ನಾನೂ ಕೊಳಕ್ಕೆ ಹೋದೆ. ನೋಡದೆ ಇರಲಾಗಲಿಲ್ಲ. ಚಳಿಗೆ ನೀರಿನ ಮೇಲೆ ಹೊಗೆಯಾಡುತ್ತಿತ್ತು. ರೋಹಿಣಿ ಗೋಡೆ ಒದ್ದು ಹೊರಟಳು. ಮೊದಲ ಕೈ ಮುಂದೆ ಹೋದಾಗ ಅವಳ ಬಲಮಗ್ಗುಲು ಕೆಳಗಾಯಿತು, ಕೈ ಹೋಗುತ್ತಲೇ ಇತ್ತು, ಇನ್ನೂ ಒಂದು ಗೇಣು, ಇನ್ನೂ ನಾಲ್ಕು ಬೆರಳು. ಆಮೇಲೆ ಸೊಂಟ ಹೊರಳಿತು, ಹಿಡಿದ ನೀರು ಹಿಂದೆ ಹೋಯಿತು, ಅವಳು ಮುಂದೆ ಹೋದಳು. ಸದ್ದೇ ಇಲ್ಲ. ನಾಲ್ಕು ವಾರ ಕೊಳದ ನೀರನ್ನೆಲ್ಲ ದಡಕ್ಕೆ ಚೆಲ್ಲಿದವಳು ಈಗ ಎಣ್ಣೆ ಹಚ್ಚಿದ ಹಾಗೆ ಜಾರುತ್ತಿದ್ದಳು. ಉಸಿರಿಗಾಗಿ ತಲೆ ಎತ್ತಬೇಕಾಗಲೇ ಇಲ್ಲ. ಮೈ ಹೊರಳಿದಾಗ ಬಾಯಿ ತಾನೇ ನೀರಿನ ಅಂಚಿಗೆ ಬರುತ್ತಿತ್ತು, ಈಜುವ ಕನ್ನಡಕದ ಒಂದು ಗಾಜು ಒಳಗೆ, ಒಂದು ಹೊರಗೆ.

ಅರ್ಧ ದಾರಿಯಲ್ಲಿ ಅವಳಿಗೆ ನಗು ಬಂತಂತೆ. ನೀರೊಳಗೆ ನಕ್ಕರೆ ಏನಾಗುತ್ತದೆಂದು ಅವಳಿಗೆ ಆಗ ಗೊತ್ತಾಯಿತು. ಕೆಮ್ಮುತ್ತ, ಸೀನುತ್ತ, ಮತ್ತೆ ನಗುತ್ತ ದಡ ಹಿಡಿದಳು. ಮಾಸ್ತರರು ಕುರ್ಚಿಯಿಂದ ಎದ್ದಿದ್ದರು.

"ಇಪ್ಪತ್ತನಾಕು! ಮೂವತ್ತೆಂಟು ಇದ್ದದ್ದು ಇಪ್ಪತ್ತನಾಕು! ನಿನ್ನಿ ನನ್ನ ಬಿಟ್ಟು ಯಾರ ಕಡೆ ಕಲಿತ್ರಿ?"

"ಬಸ್ಸು ಕಲಿಸ್ತು ಸರ್."

"ಮೊದಲ ಎಮ್ಮಿ, ಈಗ ಬಸ್ಸು," ಎಂದು ಮಾಸ್ತರರು ಗಳವನ್ನು ಗೋಡೆಗೆ ಆನಿಸಿದರು. "ನಾ ಯಾಕ ಕುಂತೇನಿ ಇಲ್ಲೆ?"

ಉಳಿದ ಎರಡು ವಾರ ಅವಳು ಕೊಳದಿಂದ ಬಸ್ಸಿಗೆ, ಬಸ್ಸಿನಿಂದ ಕೊಳಕ್ಕೆ ಓಡಾಡಿದಳು. ಇಪ್ಪತ್ತನಾಲ್ಕು ಇಪ್ಪತ್ತೆರಡಾಯಿತು. ಭುಜದ ನೋವು ಹೋಯಿತು, ಹಸಿವು ಬಂತು. ಉಲ್ಲಾಸ ಬೆಳಿಗ್ಗೆ ಎಂಟು ದೋಸೆ ಎರೆಯುತ್ತಿದ್ದವನು ಹನ್ನೆರಡಕ್ಕೆ ಏರಿಸಿದ. ಮನೆಯಲ್ಲಿ ಚಪಾತಿ ಲಟ್ಟಿಸುವಾಗಲೂ ಅವಳ ಸೊಂಟ ಹೊರಳುತ್ತದೆಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಸ್ಪರ್ಧೆಯ ದಿನ ಭಾನುವಾರ. ಮೂವರೇ ಸ್ಪರ್ಧಿಗಳು: ನಮ್ಮ ರೋಹಿಣಿ, ಯಲ್ಲಾಪುರ ಡಿಪೋದಿಂದ ಬಂದ ಇಪ್ಪತ್ತೊಂಬತ್ತರ ಮಮತಾ, ಮತ್ತೆ ವಿಭಾಗ ಕಚೇರಿಯ ಅಧಿಕಾರಿ ಮೇಡಂ ಒಬ್ಬರು. ಮಮತಾ ಬಸ್ಸಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವಳು, ಟೈರು ಎತ್ತಿ ಎತ್ತಿ ಕಬ್ಬಿಣದಂತಾದ ತೋಳು. ಅವಳನ್ನು ನೋಡಿದ್ದೇ ಉಲ್ಲಾಸ, "ಎರಡನೇ ಬಹುಮಾನವೂ ಚಲೋದೇ ಇರ್ತದೆ" ಎಂದು ಹೆಂಡತಿಗೆ ಮೊದಲೇ ಸಮಾಧಾನ ಹೇಳಿದ. ನೋಡಲು ಬಂದವರಲ್ಲಿ ಅರ್ಧ ಜನ ಹುಲೇಕಲ್ ಬಸ್ಸಿನವರು. ಕೆರಿಯಣ್ಣ ಇಸ್ತ್ರಿ ಮಾಡಿದ ಖಾಕಿಯಲ್ಲೇ ಬಂದಿದ್ದ. ಪರಿಮಳಕ್ಕ ಮಜ್ಜಿಗೆಯ ಕ್ಯಾನು ತಂದಿದ್ದರು.

ಸೀಟಿ ಊದಿದರು. ಮೂವರೂ ಹಾರಿದರು. ಮಮತಾ ಬಾಣದ ಹಾಗೆ ಹೋದಳು. ಅವಳ ಕೈ ನೀರು ಸೀಳುವ ಸದ್ದು ನಮಗೆ ಕೇಳುತ್ತಿತ್ತು. ರೋಹಿಣಿ ಎರಡು ಮಾರು ಹಿಂದೆ, ಸದ್ದಿಲ್ಲದೆ, ಎಡ, ಬಲ. ಮೊದಲ ಗೋಡೆ ಮುಟ್ಟಿ ತಿರುಗುವಾಗ ಒಂದು ಮಾರು. "ಎಡ ಬಂತು! ಬಲ ಬಂತು!" ಕೆರಿಯಣ್ಣ ದಡದ ಮೇಲಿಂದ ಕೂಗತೊಡಗಿದ, ನಾವೆಲ್ಲ ಸೇರಿಕೊಂಡೆವು. ಮಮತಾಳ ತೋಳು ಕೊನೆಯ ಹತ್ತು ಮೀಟರಿನಲ್ಲಿ ಭಾರವಾಯಿತು. ರೋಹಿಣಿ ಹತ್ತಿರವಾದಳು, ಇನ್ನೂ ಹತ್ತಿರವಾದಳು. ಕೊನೆಗೆ ಮಮತಾ ಒಂದು ಅಂಗೈಯಷ್ಟು ಮೊದಲು ಗೋಡೆ ಮುಟ್ಟಿದಳು. ಹಿಂದೆಯೇ ರೋಹಿಣಿ.

ರೋಹಿಣಿ ಗೋಡೆ ಮುಟ್ಟಿದಳು, ತಿರುಗಿದಳು, ಒದ್ದಳು, ಮತ್ತೆ ಹೊರಟಳು.

"ಏ! ಮುಗೀತು!" ಎಂದರು ತೀರ್ಪುಗಾರರು. ಅವಳ ಕಿವಿ ನೀರಿನೊಳಗಿತ್ತು. ಸೀಟಿ ಊದಿದರು. ಹುರುಪಿನ ಸೀಟಿಯೆಂದು ತಿಳಿದು ನಾವು ಇನ್ನೂ ಜೋರಾಗಿ ಕೂಗಿದೆವು. ಮಾಸ್ತರರು ಮೊಣಕಾಲಿನ ಆಪರೇಷನ್ ಮರೆತು ದಡದುದ್ದಕ್ಕೂ ಓಡುತ್ತ, "ಅಕ್ಕಾರ! ನಿಲ್ರೀ! ಸಾಕ್ರೀ!" ಎಂದು ಗಳ ಬೀಸಿದರು. ಗೋಡೆಗೆ ಒರಗಿ ಉಸಿರಾಡುತ್ತಿದ್ದ ಮಮತಾ ಒಂದು ಕ್ಷಣ ನೋಡಿದಳು. ಗೆದ್ದವಳು ಇಲ್ಲಿ ನಿಂತಿದ್ದಾಳೆ, ಸೋತವಳು ಅಲ್ಲಿ ಸುಖವಾಗಿ ಹೋಗುತ್ತಿದ್ದಾಳೆ. ಅದೇನನ್ನಿಸಿತೋ, "ಅಯ್ಯೋ, ನಾನೂ ಬಂದೆ!" ಎಂದು ಗೋಡೆ ಒದ್ದು ಹೊರಟೇಬಿಟ್ಟಳು. ಅಷ್ಟು ಹೊತ್ತಿಗೆ ಐವತ್ತು ಮುಗಿಸಿದ ಅಧಿಕಾರಿ ಮೇಡಂ, ಮುಂದೆ ಇಬ್ಬರೂ ಹೋಗುತ್ತಿರುವುದನ್ನು ಕಂಡು, ದೂರದ ಲೆಕ್ಕ ತಾವೇ ತಪ್ಪಿದೆವೆಂದು ಗಾಬರಿಯಾಗಿ ಅವರೂ ತಿರುಗಿದರು.

ಮೂವರೂ ಹೋದರು, ಮೂವರೂ ಬಂದರು. ತೀರ್ಪುಗಾರರು ಸೀಟಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು. ನೂರು ಮೀಟರ್ ಮುಗಿದ ಮೇಲೆ ಮಾಸ್ತರರ ಗಳ ಬೆನ್ನಿಗೆ ತಾಗಿ ರೋಹಿಣಿ ನಿಂತಳು, ಕನ್ನಡಕ ಹಣೆಗೇರಿಸಿದಳು.

"ಎಂತ ಆತು? ಯಾಕೆ ನಿಲ್ಲಿಸಿದ್ರಿ?"

"ಐವತ್ತ ಮೀಟರ್ ಸ್ಪರ್ಧಾರೀ ಇದು!"

"ಮುಗೀತಾ ಆಗ್ಲೇ? ನಂಗೆ ಈಗ ಶುರುವಾಯ್ತಷ್ಟೆ!"

ಪಕ್ಕದಲ್ಲಿ ಮಮತಾ ನಗುವಿಗೆ ಸಿಕ್ಕಿ ಮುಳುಗುತ್ತಿದ್ದಳು. ಅವಳನ್ನು ರೋಹಿಣಿ ಕಂಕುಳಿಗೆ ಕೈ ಹಾಕಿ ಎತ್ತಿ ಹಿಡಿದಳು. ಮೊದಲ ಬಹುಮಾನವೆಂದು ಮಮತಾಳಿಗೆ ಕುಕ್ಕರು ಬಂತು. ರೋಹಿಣಿಗೆ ಬಂದದ್ದು ಸ್ಟೀಲಿನ ಹಾಟ್‌ಬಾಕ್ಸು. ಹಾಟ್‌ಬಾಕ್ಸ್ ತಲೆಯ ಮೇಲಿಟ್ಟುಕೊಂಡು ಅವಳು ಕೊಳದ ಸುತ್ತ ಒಂದು ಸುತ್ತು ಕುಣಿದಳು. ಉಲ್ಲಾಸ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಿದ್ದ.

ಮಜ್ಜಿಗೆ ಹಂಚುವಾಗ ಪರಿಮಳಕ್ಕ ಅವಳನ್ನು ಪಕ್ಕಕ್ಕೆ ಕರೆದರು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಎಂಗೂ ಕಲಿಸ್ತ್ಯನೇ? ಈ ವಯಸ್ಸಲ್ಲಿ ಆಗ್ತೋ ಇಲ್ಯೋ, ಎಂಗೆ ಗೊತ್ತಿಲ್ಲೆ."

"ಬಸ್ಸಲ್ಲಿ ಚಲೋ ಹೊರಳಿದ್ರಲ್ಲ ಪರಿಮಳಕ್ಕಾ. ಮುಕ್ಕಾಲು ಪಾಲು ಬಂತು."

ಈಗ ಗುರುವಾರ ರೋಹಿಣಿಯ ವಾರದ ರಜೆ. ಅವತ್ತು ಬೆಳಿಗ್ಗೆ ಕೊಳದ ಒಂದು ಸಾಲು ಹೆಂಗಸರದು. ಮಮತಾ ಯಲ್ಲಾಪುರದ ಮೊದಲ ಬಸ್ಸಿಗೆ ಬರುತ್ತಾಳೆ. ಸೊಂಟ ಹೊರಳಿಸುವುದನ್ನು ರೋಹಿಣಿಯಿಂದ ಕಲಿತು, ಗೋಡೆ ಒದೆಯುವ ಪಟ್ಟನ್ನು ರೋಹಿಣಿಗೆ ಕಲಿಸಿದ್ದಾಳೆ. ಸೊಪ್ಪಿನ ಬುಟ್ಟಿಯವಳು ಬರುತ್ತಾಳೆ. ನಾನೂ ಹೋಗುತ್ತೇನೆ; ನನ್ನದಿನ್ನೂ ತಳದ ಹಂಚು ಎಣಿಸುವ ಹಂತ. ಉಲ್ಲಾಸನ ಅಂಗಡಿಯ ಬೋರ್ಡಿನಲ್ಲಿ 'ಈಜುಡುಗೆಯನ್ನೂ ಹೊಲಿದು ಕೊಡಲಾಗುವುದು' ಎಂಬ ಸಾಲು ಸೇರಿದೆ. ಮಾಸ್ತರರು ಗಳ ಹಿಡಿದು, "ಒಬ್ಬರಕಿನ್ನ ಒಬ್ಬರು ಗದ್ದಲಾ" ಎಂದು ಗೊಣಗುತ್ತ ಅರ್ಧ ಗಂಟೆ ಮುಂಚೆಯೇ ಬಂದು ಕೂತಿರುತ್ತಾರೆ.

ಹೋದ ಗುರುವಾರ ಪರಿಮಳಕ್ಕ ಮೊದಲ ಸಲ ಕೊಳದಂಚಿನ ಕಂಬಿ ಬಿಟ್ಟರು. ಮೂರು ವಾರ ಆ ಕಂಬಿ ಹಿಡಿದೇ ನಿಂತಿದ್ದವರು. ರೋಹಿಣಿ ಅವರ ಎರಡೂ ಅಂಗೈ ಹಿಡಿದು ಹಿಂದೆ ಹಿಂದೆ ನಡೆದಳು. "ತಲೆ ಕೆಳಗೆ ಹಾಕಿ. ನಾ ಇದ್ದೆ. ಇನ್ನೂ ಕೆಳಗೆ."

"ಕೈ ಬಿಡಡ! ಕೈ ಬಿಡಡ ಮಾರಾಯ್ತಿ!"

ಪರಿಮಳಕ್ಕ ಕಣ್ಣು ಗಟ್ಟಿಯಾಗಿ ಮುಚ್ಚಿ ಮುಖ ಮುಳುಗಿಸಿದರು. ನೀಲಿ ಚೂಡಿದಾರದ ಬೆನ್ನು ನಿಧಾನವಾಗಿ ಮೇಲೆ ಬಂತು, ಹಿಂದೆಯೇ ಎರಡು ಹಿಮ್ಮಡಿ. ರೋಹಿಣಿ ಒಂದೊಂದೇ ಬೆರಳು ಸಡಿಲಿಸಿದಳು. ಒಂದು, ಎರಡು, ಮೂರು, ನಾಲ್ಕು ಎಂದು ನಾವೆಲ್ಲ ಮೆಲ್ಲಗೆ ಎಣಿಸಿದೆವು. ಏಳಕ್ಕೆ ಅವರು ಧಡಕ್ಕನೆ ಎದ್ದು ನಿಂತರು, ಕೂದಲಿನಿಂದ ನೀರು ಸುರಿಯುತ್ತಿತ್ತು. ರೋಹಿಣಿಯ ಕೈ ತಮ್ಮ ಕೈಯಲ್ಲಿಲ್ಲ, ಅವಳು ಎರಡು ಮಾರು ಆಚೆ ನಿಂತಿದ್ದಾಳೆ ಎಂಬುದು ಅವರಿಗೆ ಆಗ ಕಂಡಿತು.

"ಆನೊಬ್ಬಳೇ?" ಎಂದರು ತಮ್ಮ ಎದೆ ಮುಟ್ಟಿಕೊಂಡು. "ಆನೊಬ್ಬಳೇ ತೇಲಿದ್ದನೇ?"

ಉತ್ತರಕ್ಕೂ ಕಾಯದೆ, ಮೂಗು ಹಿಡಿದುಕೊಂಡು, ಮತ್ತೆ ನೀರಿಗೆ ಬಿದ್ದರು.